ಸಾಲಿಗೊಂದು ನಾಯಿ ಇರುವ ಹಾಡು

ಜನವರಿ 9

ತಮ್ಮಾ,

ಫೋನ್ ಮಾಡಬೇಡ, ಏನಿದ್ದರೂ ಬರೆದು ಕಳಿಸು ಎಂದು ನಿನ್ನ ಹೆಂಡತಿಯ ಬಾಯಲ್ಲಿ ಹೇಳಿಸಿದ್ದೀಯ. ಆಗಲಿ. ಮದುವೆಯಾದ ಹೊಸದರಲ್ಲಿ ಬರೆದದ್ದೇ ಕೊನೆ, ಆಮೇಲೆ ನಿನಗೆ ನಾನು ಕಾಗದ ಬರೆದಿಲ್ಲ. ಅಕ್ಷರ ಸೊಟ್ಟಗಿದ್ದರೆ ಸರಿಮಾಡಿಕೊಂಡು ಓದು. ದಿನವಿಡೀ ಕನ್ನಡಕದ ಗಾಜುಗಳನ್ನು ಬೆಳಕಿಗೆ ಹಿಡಿದು ಗೀರು, ಗುಳ್ಳೆ ಹುಡುಕುವ ಕಣ್ಣಿಗೆ ಸಂಜೆಯಾಗುವಷ್ಟರಲ್ಲಿ ಒಂದು ಗೆರೆ ಎರಡಾಗಿ ಕಾಣುತ್ತದೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಮಾರ್ಚ್ ಹದಿನಾಲ್ಕಕ್ಕೆ ನಮ್ಮ ಕಾರ್ಖಾನೆಯವರ ಕೂಟ. ಮುಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ, ಕರೋಕೆ ಕೋಣೆಗಳಿವೆ. ಪರದೆಯ ಮೇಲೆ ಸಾಲು ಬರುತ್ತದೆ, ಹಿನ್ನೆಲೆಯಲ್ಲಿ ವಾದ್ಯ ಬರುತ್ತದೆ, ನಾವು ಹಾಡಬೇಕು. ಪ್ರತಿ ವಿಭಾಗದಿಂದ ಒಬ್ಬರು. ಹೋದ ವರ್ಷ ನನ್ನ ಕೈಗೆ ಮೈಕ್ ಕೊಟ್ಟಾಗ ನಾನು ತುಟಿ ಮಾತ್ರ ಆಡಿಸಿದೆ. ಸೂಪರ್‌ವೈಸರ್ ಕಂಡುಹಿಡಿದುಬಿಟ್ಟ. "ಏನ್ರೀ, ನಿಮ್ಮನ್ನ ಮ್ಯೂಟ್‌ಗೆ ಹಾಕಿದಾರಾ?" ಅಂದ. ಅವತ್ತಿನಿಂದ ನನ್ನ ಹೆಸರೇ ಮ್ಯೂಟ್. ಊಟದ ಹೊತ್ತಿಗೂ ಮ್ಯೂಟ್, ಹಾಜರಿ ಕೂಗುವಾಗಲೂ ಮ್ಯೂಟ್.

ಈ ಸಲ ಪಟ್ಟಿ ಅಂಟಿಸಿದ ದಿನವೇ ಹೋಗಿ ನನ್ನ ಹೆಸರು ಬರೆದೆ. ಸಂಜೆ ನೋಡಿದರೆ ಯಾರೋ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 'ಚಪ್ಪಾಳೆ' ಎಂದು ಬರೆದಿದ್ದರು. ನಾನು ಗಾಜಿನ ಮೇಲೆ ಗುರುತು ಹಾಕುವ ಪೆನ್ನು ತಂದು, ಚಪ್ಪಾಳೆಯ ಮೇಲೇ ದಪ್ಪಗೆ ನನ್ನ ಹೆಸರು ಬರೆದು ಬಂದೆ.

ಹಾಡುವುದು ಜಪಾನಿ ರಾಕ್. ನಗಬೇಡ. ನನ್ನ ಪಕ್ಕದ ಯಂತ್ರದಲ್ಲಿ ಗಾಜಿಗೆ ಹೊಳಪು ಕೊಡುವವಳಿದ್ದಾಳಲ್ಲ, ನಾವು ಪಾಲಿಶ್ ಎಂದೇ ಕರೆಯುತ್ತೇವೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನಾಗಿದ್ದಾಗ ಆ ದೇಶದ ಹಾಡುಗಳ ರಾಶಿಯನ್ನೇ ತಂದಿಟ್ಟಿದ್ದಾನೆ. ನಮ್ಮ ಯಂತ್ರಗಳ ಸದ್ದನ್ನು ಮೀರಿ ಕೇಳಿಸುವ ಸಂಗೀತ ಅದೊಂದೇ. ಆರು ವರ್ಷದಿಂದ ಬೇಕೋ ಬೇಡವೋ ನನ್ನ ಕಿವಿಗೆ ಅದೇ ಬಿದ್ದಿದೆ. ಒಂದು ವಿಷಯ ಗಮನಿಸಿದ್ದೀಯಾ? ಅವರ ಮಾತು ನಮ್ಮ ಹಾಗೆಯೇ ಸ್ವರದಲ್ಲಿ ಮುಗಿಯುತ್ತದೆ. ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಅಂಗಿಗೆ ಗುಂಡಿ ಹಾಕಿದಷ್ಟು ಸಲೀಸಾಗಿ ಕೂರುತ್ತದೆ.

ಸುಲಭದ್ದೊಂದು ಆರಿಸಿಕೊಡು. ಅಷ್ಟೇ.

ಅಕ್ಕ

*

ಜನವರಿ 17

ಅಕ್ಕಾ,

ನಿನ್ನ ಕಾಗದ ಬಂತು. ಶಾಲೆಯಲ್ಲಿ ಕೆಲಸ ಹೆಚ್ಚಿದೆ, ಅದಕ್ಕೆ ಫೋನ್ ಬೇಡವೆಂದದ್ದು.

ಹಾಡುವುದು ಬೇಡ ಎನ್ನುವುದು ನನ್ನ ಸಲಹೆ. ಭಾಷೆ ಗೊತ್ತಿಲ್ಲದವರ ಮುಂದೆ ತಪ್ಪು ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀಯ. ಶ್ರುತಿಗೆ ಭಾಷೆಯಿಲ್ಲ. ಅದು ತಪ್ಪಿದರೆ ಮಗುವಿಗೂ ತಿಳಿಯುತ್ತದೆ. ಐವತ್ಮೂರರ ವಯಸ್ಸಿನಲ್ಲಿ ರಾಕ್ ಹಾಡಿ ಆ ಸೂಪರ್‌ವೈಸರ್ ಬಾಯಿಗೆ ಇನ್ನೊಂದು ತುತ್ತಾಗುವುದೇಕೆ? ಹಾಡಲೇಬೇಕೆಂದಿದ್ದರೆ ನಿಧಾನದ್ದೊಂದು ಜೋಗುಳ ಹಾಡಿ ಕುಳಿತುಕೋ.

ಭಾವನಿಗೆ ನಮಸ್ಕಾರ ತಿಳಿಸು.

ತಮ್ಮ

*

ಜನವರಿ 20

ಸಂಗೀತದ ಮೇಷ್ಟ್ರಿಗೆ,

ತಾವು ಬಿಡುವು ಮಾಡಿಕೊಂಡು ಎಂಟು ಸಾಲು ಬರೆದದ್ದಕ್ಕೆ ಉಪಕಾರವಾಯಿತು.

ನಿನ್ನ ಕಾಗದ ಓದಿದ ಸಂಜೆ ತಡೆಯಲಾರದೆ ಫೋನ್ ಮಾಡಿದೆ. ನೀನೇ ಎತ್ತಿದೆ. ನಿನ್ನ ಉಸಿರು ನನಗೆ ಗೊತ್ತಾಗುವುದಿಲ್ಲವೇ? "ತಮ್ಮಾ" ಅಂದೆ. ನೀನು ಇಟ್ಟುಬಿಟ್ಟೆ. ಹಲೋ ಎನ್ನುವುದಕ್ಕೂ ನಿನಗೆ ನನ್ನ ಧ್ವನಿ ಬೇಡವಾಯಿತೇ? ಅಷ್ಟು ಕರ್ಕಶವೇ?

ಬೇಡ ಎಂದು ನೀನು ಬರೆದದ್ದನ್ನು ನಾನು ಹಿಂದೆಯೂ ಕೇಳಿದ್ದೇನೆ, ಅಪ್ಪನ ಬಾಯಲ್ಲಿ. ನನಗೆ ಹದಿನೈದು, ನಿನಗೆ ಹದಿಮೂರು. ಶಾಲೆಗಳ ಸಮೂಹಗಾನದ ಸ್ಪರ್ಧೆಗೆ ಹಿಂದಿನ ದಿನ. ನಮಗೆ ಹಾಡು ಕಲಿಸುತ್ತಿದ್ದ ಅಪ್ಪ ಸಾಲಿನ ಉದ್ದಕ್ಕೂ ಕಿವಿ ಕೊಟ್ಟು ನಡೆಯುತ್ತ ಬಂದರು, ನನ್ನ ಮುಂದೆ ನಿಂತರು, ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. "ನೀನು ನಾಳೆ ತುಟಿ ಮಾತ್ರ ಆಡಿಸು" ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು, ನನ್ನ ಬಾಯಿಗೆ ಹಾಕಿದ ಬೀಗ ಇನ್ನೂ ಹಾಗೇ ಇದೆ. ಮಗಳನ್ನು ಮಲಗಿಸುವಾಗಲೂ ನಾನು ಹಾಡಲಿಲ್ಲ ತಮ್ಮಾ, ರೇಡಿಯೋ ಹಾಕುತ್ತಿದ್ದೆ. ನೀನು ಈಗ ಜೋಗುಳ ಹಾಡು ಎನ್ನುತ್ತೀಯ.

ಅನುಮತಿ ಕೇಳಲು ಬರೆದಿಲ್ಲ. ಇದರ ಜೊತೆ ಪೆನ್‌ಡ್ರೈವ್ ಇದೆ. ಪಾಲಿಶ್ ತುಂಬಿಕೊಟ್ಟ ನಾಲ್ಕು ಹಾಡುಗಳಿವೆ. ಹೆಸರು ಬಾಯಿಗೆ ಬರುವುದಿಲ್ಲವೆಂದು ನಾನೇ ಅಡ್ಡಹೆಸರಿಟ್ಟಿದ್ದೇನೆ: ಮೊದಲನೆಯದು ರೈಲು, ಎರಡನೆಯದು ಮೋಡ, ಮೂರನೆಯದು ಏಣಿ, ಕೊನೆಯದು ನಾಯಿ. ಯಾವುದು ಸುಲಭ ಎಂದಷ್ಟೇ ಹೇಳು. ನಿನ್ನ ಶಾಲೆಯ ಯಾವ ಮಗು ಬಂದು ಕೇಳಿದರೂ ಹೇಳುತ್ತೀಯಲ್ಲ, ಹಾಗೆ.

ಅಕ್ಕ

*

ಜನವರಿ 30

ಅಕ್ಕಾ,

ಫೋನ್ ಕೆಟ್ಟಿದೆ. ನನ್ನ ಕಡೆಯ ಮಾತು ಆಚೆಗೆ ಕೇಳಿಸುತ್ತಿಲ್ಲ. ಬೇರೇನೂ ಎಣಿಸಬೇಡ.

ನಾಲ್ಕು ಹಾಡನ್ನೂ ಕೇಳಿದೆ. ಮೊದಲು ಕೋಪದಿಂದ, ಆಮೇಲೆ ಪೆನ್ಸಿಲ್ ಹಿಡಿದು.

ರೈಲು ಬೇಡ. ಒಂದೊಂದು ಸಾಲಿಗೆ ಇಪ್ಪತ್ತು ಅಕ್ಷರ ತುರುಕಿದ್ದಾರೆ, ಒಂದು ತಪ್ಪಿದರೆ ಮುಂದಿನ ನಿಲ್ದಾಣದವರೆಗೂ ಹತ್ತಲಾಗುವುದಿಲ್ಲ. ಮೋಡ ನಿಧಾನ, ಅದಕ್ಕೇ ಇನ್ನೂ ಬೇಡ. ನಿಧಾನದ ಹಾಡು ಸುಲಭ ಎಂದು ಎಲ್ಲರೂ ಮೋಸ ಹೋಗುತ್ತಾರೆ. ಜೋಗುಳ ಹಾಡು ಎಂದ ನಾನೂ ಆ ಹೊತ್ತಿಗೆ ಮೇಷ್ಟ್ರಾಗಿ ಯೋಚಿಸಿರಲಿಲ್ಲ. ಉದ್ದ ಎಳೆಯುವ ಸ್ವರದಲ್ಲಿ ಅಡಗಿಕೊಳ್ಳಲು ಜಾಗವಿಲ್ಲ, ಉಸಿರು ನಡುಗಿದ್ದು ಕಡೆಯ ಬೆಂಚಿಗೂ ಕಾಣುತ್ತದೆ. ಏಣಿ ಚೆನ್ನಾಗಿದೆ, ಆದರೆ ಕೊನೆಯ ಪಲ್ಲವಿಗೆ ಇಡೀ ಹಾಡನ್ನು ಒಂದು ಮೆಟ್ಟಿಲು ಮೇಲೆತ್ತುತ್ತಾರೆ. ಕಲಿತವರೇ ಅಲ್ಲಿ ಜಾರುತ್ತಾರೆ.

ನಾಯಿ ತೆಗೆದುಕೋ. ಚರಣವೆಲ್ಲ ಮೂರೇ ಸ್ವರ, ಅದೂ ನೀನು ಭಾವನ ಮೇಲೆ ರೇಗುವ ಎತ್ತರದಲ್ಲಿ. ಪಲ್ಲವಿಯಲ್ಲಿ ಒಂದೇ ಒಂದು ಸ್ವರ ಮೇಲೆ ಹೋಗುತ್ತದೆ, ಅಲ್ಲಿ ಡ್ರಮ್ ಜೋರಾಗಿ ಬಂದು ನಿನ್ನನ್ನು ಎತ್ತಿಕೊಳ್ಳುತ್ತದೆ. ಗಂಡಸು ಹಾಡಿದ್ದು, ಹಾಗಾಗಿ ಯಂತ್ರದ ಗುಂಡಿ ಒತ್ತಿ ಶ್ರುತಿ ಎರಡು ಮೆಟ್ಟಿಲು ಏರಿಸಿಕೋ. ನಡುವೆ ಗಿಟಾರ್ ಒಂದೇ ನುಡಿಯುವ ಜಾಗ ಹದಿನಾರು ಎಣಿಕೆ. ಅದಕ್ಕಿಂತ ಉದ್ದವಿದ್ದರೆ ಕೈ ಎಲ್ಲಿಡಬೇಕೆಂದು ತೋಚದೆ ಜನ ಕಂಗಾಲಾಗುತ್ತಾರೆ. ಆಗ ಮೈಕ್‌ನ ವೈರು ಸರಿಮಾಡಿಕೋ. ವೈರು ಇಲ್ಲದಿದ್ದರೂ ಸರಿಮಾಡಿಕೋ.

ಈ ಬಗೆಯ ಹಾಡಿಗೆ ಇನ್ನೊಂದು ಅನುಕೂಲವಿದೆ. ಧ್ವನಿ ಒರಟಾಗಿದ್ದರೆ ಯಾರೂ ಬೇಸರಪಡುವುದಿಲ್ಲ. ಇದನ್ನು ಹಾಡಿದವನ ಗಂಟಲನ್ನು ನಾನು ತುಂಬ ಹೊತ್ತು ಕೇಳುತ್ತ ಕುಳಿತೆ. ಅರ್ಧ ಸ್ವರ, ಅರ್ಧ ಗಾಳಿ. ಆದರೂ ಎಷ್ಟು ಧೈರ್ಯ ಅವನಿಗೆ.

ಯಾಕೆ ನಾಯಿ ಎಂದು ಹೆಸರಿಟ್ಟೆ?

ತಮ್ಮ

*

ಫೆಬ್ರವರಿ 8

ತಮ್ಮಾ,

ಹೆಸರಿಟ್ಟದ್ದು ನಿನ್ನ ಭಾವ. ಪಲ್ಲವಿಯ ಸಾಲನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದೇನೆ: 'ಮದಾ ಕಯೆರನಾಯಿ'. ಸಾಲು ಸಾಲಿಗೂ ಕೊನೆಯಲ್ಲಿ ನಾಯಿ. ಇವರು ಪೇಪರ್ ಕೆಳಗಿಳಿಸಿ, "ಒಟ್ಟು ಎಷ್ಟು ನಾಯಿ ಸಾಕಿದಾನೆ ಇವನು?" ಎಂದು ಕೇಳಿದರು. ನಾನು ಪಾಲಿಶ್‌ಳನ್ನು ಕೇಳಿದೆ. "ಅವರ ಮಾತಲ್ಲಿ ಅದು ಒಲ್ಲೆ ಅಂದ ಹಾಗೆ ಅಕ್ಕಾ. ಇನ್ನೂ ಮನೆಗೆ ಹೋಗಲ್ಲ ಅಂತಿದಾನೆ" ಅಂದಳು. ಒಲ್ಲೆ ಎನ್ನುವುದಕ್ಕೇ ಒಂದು ಹಾಡು. ನನಗೆ ಹೇಳಿ ಮಾಡಿಸಿದ ಹಾಗಿದೆ.

ಈ ವಾರ ಮೂರು ಸಂಜೆ ನಾನೂ ಪಾಲಿಶೂ ಆ ಮಹಡಿಗೆ ಹೋಗಿ ಬಂದೆವು. ಗೋಡೆಗೆ ಮೊಟ್ಟೆ ಇಡುವ ಟ್ರೇಯಂಥದ್ದು ಅಂಟಿಸಿದ್ದಾರೆ, ಸದ್ದು ಆಚೆ ಹೋಗದಿರಲೆಂದು. ಮೊದಲ ಸಲ ಬಾಯಿ ತೆರೆದೆ, ಏನೂ ಬರಲಿಲ್ಲ. ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಯಾವುದೋ ಹೆಂಗಸಿನ ಧ್ವನಿ ಬಂತು, ತಿರುಗಿ ನೋಡಿದೆ, ಪಾಲಿಶ್ ನನ್ನನ್ನೇ ನೋಡುತ್ತಿದ್ದಳು. ನಾನು ಇಷ್ಟು ದಪ್ಪ ಧ್ವನಿಯವಳೆಂದು ನನಗೆ ಗೊತ್ತೇ ಇರಲಿಲ್ಲ.

ಈಗ ಹೊಸ ತಕರಾರು. ಯಂತ್ರ ಕೊನೆಗೆ ನೂರಕ್ಕಿಷ್ಟು ಎಂದು ಅಂಕ ತೋರಿಸುತ್ತದೆ. ಎಲ್ಲಕ್ಕಿಂತ ಕಡಿಮೆ ಬಂದ ವಿಭಾಗದವರು ಒಂದು ತಿಂಗಳು ಹೊಳಪು ಯಂತ್ರದ ಕೆಸರು ತಟ್ಟೆ ತೊಳೆಯಬೇಕೆಂದು ಸೂಪರ್‌ವೈಸರ್ ಬೋರ್ಡ್ ಹಾಕಿದ್ದಾನೆ. ಆ ಗಾಜಿನ ಕೆಸರು ಉಗುರಿನೊಳಗೆ ಕೂತರೆ ವಾರವಾದರೂ ಹೋಗುವುದಿಲ್ಲ. ನನ್ನ ವಿಭಾಗದ ಮೂವರೂ ಬಂದು, "ಈ ಸಲ ಬಿಟ್ಟುಬಿಡಿ ಅಕ್ಕಾ, ನಮ್ಮ ಕೈ ನೋಡಿ" ಎಂದು ಕೇಳಿಕೊಂಡರು. "ಸೋತರೆ ನಿಮ್ಮ ಪಾಲಿನ ತಟ್ಟೆನೂ ನಾನೇ ತೊಳೀತೀನಿ, ಹಾಡೋದು ಮಾತ್ರ ನಾನೇ" ಅಂದೆ.

ಮೇಲಿನ ಆ ಒಂದು ಸ್ವರ ಮಾತ್ರ ಕೈಗೆ ಸಿಗುತ್ತಿಲ್ಲ. ಆ ನಾಲ್ಕು ಸಾಲನ್ನು ನೀನು ಹಾಡಿ ರೆಕಾರ್ಡ್ ಮಾಡಿ ಕಳಿಸು. ನಿನ್ನ ಹಿಂದೆ ಹಾಡಿಕೊಂಡರೆ ಬಂದುಬಿಡುತ್ತದೆ.

ಅಕ್ಕ

*

ಫೆಬ್ರವರಿ 14

ಅಕ್ಕಾ,

ಶಾಲೆಯ ಕೀಬೋರ್ಡ್‌ನಲ್ಲಿ ನುಡಿಸಿ ಕಳಿಸಿದ್ದೇನೆ. ಧ್ವನಿಗಿಂತ ಇದೇ ವಾಸಿ, ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಉಸಿರು ತೆಗೆದುಕೊಳ್ಳಬೇಡ, ಎರಡು ಅಕ್ಷರ ಹಿಂದೆಯೇ ತೆಗೆದುಕೋ. ಗದ್ದ ಮೇಲೆತ್ತಬೇಡ.

ತಮ್ಮ

*

ಫೆಬ್ರವರಿ 18

ಮೇಷ್ಟ್ರೇ,

ಮದುವೆಮನೆಗಳಲ್ಲಿ ಕೇಳಿದವರಿಗೆಲ್ಲ ಹಾಡಿದ್ದೀಯ. ಅಪ್ಪನ ಗೆಳೆಯರು ಬಂದಾಗಲೆಲ್ಲ ಹಾಡಿದ್ದೀಯ. ನನಗೆ ನಾಲ್ಕು ಸಾಲು ಹಾಡಲು ಗಂಟಲು ಸವೆಯುತ್ತದೆ ಎಂದಾದರೆ ಬಿಡು. ಕೀಬೋರ್ಡ್ ಸಾಕು. ಇನ್ನು ತೊಂದರೆ ಕೊಡುವುದಿಲ್ಲ.

*

ಫೆಬ್ರವರಿ 25

ಅಕ್ಕಾ,

ಹೆಸರೂ ಹಾಕದೆ ಕಾಗದ ಮುಗಿಸಿದ್ದೀಯ. ಇನ್ನು ಮುಚ್ಚಿಡಲಾರೆ.

ನನಗೆ ಧ್ವನಿ ಇಲ್ಲ. ಅಕ್ಟೋಬರ್‌ನಲ್ಲಿ ಗಂಟಲು ಕಟ್ಟಿತು, ಶೀತ ಎಂದುಕೊಂಡೆ. ನವೆಂಬರ್‌ನಲ್ಲಿ ಆಪರೇಷನ್ ಮಾಡಿ ಗಂಟು ತೆಗೆದರು. ಕೆಟ್ಟ ಗಂಟಲ್ಲ, ಹೆದರಬೇಡ. ಆದರೆ ಧ್ವನಿ ಹೊರಡಿಸುವ ಎರಡು ತಂತುಗಳಲ್ಲಿ ಒಂದು ಅಲುಗುತ್ತಿಲ್ಲ. ಬಾಯಿ ತೆರೆದರೆ ಬಟ್ಟೆ ಹರಿದ ಸದ್ದು. ಐದಾರು ಸ್ವರ ಉಳಿದಾವು, ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಶಾಲೆಯಲ್ಲಿ ಇನ್ನೂ ಶೀತ ಎಂದೇ ನಡೆಸುತ್ತಿದ್ದೇನೆ. ಕೀಬೋರ್ಡ್ ನುಡಿಸುತ್ತೇನೆ, ಪೆನ್ಸಿಲ್‌ನಿಂದ ತಾಳ ಹಾಕುತ್ತೇನೆ, ಚೀಟಿ ಬರೆದು ಓದಿಸುತ್ತೇನೆ. ನೀನು ಫೋನ್ ಮಾಡಿದ ದಿನ "ಅಕ್ಕಾ" ಅಂದೆ. ನಿನಗೆ ಕೇಳಿಸಿದ್ದು ಉಸಿರು.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದರೆ ನೀನು ಮರುಕಪಡುತ್ತೀಯ. ನಿನ್ನ ಮರುಕಕ್ಕೆ ನಾನು ಯೋಗ್ಯನಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಆ ಸಮೂಹಗಾನದ ಅಭ್ಯಾಸದ ದಿನ ನಾನು ಎಲ್ಲಿ ನಿಂತಿದ್ದೆ ಎಂದು ನೆನಪಿದೆಯೇ? ನಿನ್ನ ಹಿಂದೆಯೇ, ನಿನ್ನ ಕಿವಿಯ ಪಕ್ಕ. ಅದೇ ವಾರ ನನ್ನ ಧ್ವನಿ ಒಡೆಯತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ಅಪ್ಪ ನಮ್ಮಿಬ್ಬರ ನಡುವೆ ಕಿವಿಯಿಟ್ಟರು, ನನ್ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ, ನಿನ್ನನ್ನು ನಿಲ್ಲಿಸಿದರು. ನೀನು ಎಂದೂ ಶ್ರುತಿ ತಪ್ಪುತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ, ಒಮ್ಮೊಮ್ಮೆ ತಪ್ಪುತ್ತಿದ್ದೆ. ಅವತ್ತು ತಪ್ಪಿದ್ದು ನಾನು. ನನಗೆ ಗೊತ್ತಿತ್ತು. ಮಾರನೆಯ ದಿನ ವೇದಿಕೆಯ ಮೇಲೆ ಹೆದರಿ ನಾನೂ ಹಾಡಲಿಲ್ಲ. ನಾವಿಬ್ಬರೂ ತುಟಿ ಆಡಿಸಿದೆವು. ಎರಡನೇ ಬಹುಮಾನ ಬಂತು, ಅಪ್ಪ ನನ್ನ ತಲೆ ಸವರಿದರು.

ನೀನು ಹಾಡುವುದು ಬೇಡ ಎಂದು ಬರೆದದ್ದೂ ಅದಕ್ಕೇ. ನೀನು ಚೆನ್ನಾಗಿ ಹಾಡಿಬಿಟ್ಟರೆ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತಿತ್ತು.

ತಮ್ಮ

*

ಮಾರ್ಚ್ 22

ತಮ್ಮಾ,

ಒಂದು ತಿಂಗಳಾಗುತ್ತ ಬಂತು ನಿನ್ನ ಕಾಗದ ಬಂದು. ಓದಿದ ದಿನ ಪಿತ್ತ ನೆತ್ತಿಗೇರಿ ಎರಡು ಬಾರಿ ಉತ್ತರ ಬರೆದೆ, ಎರಡನ್ನೂ ಹರಿದೆ. ಅವುಗಳಲ್ಲಿ ಇದ್ದ ಮಾತು ನಿನಗೆ ಬೇಡ. ಇವರಿಗೆ ಹೇಳಿದರೆ, "ಹದಿಮೂರು ವರ್ಷದ ಹುಡುಗ, ಹೋಗಲಿ ಬಿಡೇ" ಅಂದರು. "ಹದಿಮೂರಕ್ಕೆ ಸುಮ್ಮನಿದ್ದದ್ದು ಸರಿ, ಮೂವತ್ತಕ್ಕೆ ಯಾಕೆ ಸುಮ್ಮನಿದ್ದ? ಐವತ್ತಕ್ಕೆ?" ಅಂದೆ. ಅವರು ಮತ್ತೆ ಪೇಪರ್ ಎತ್ತಿಕೊಂಡರು. ನಿನ್ನ ಹತ್ತಿರವೂ ಉತ್ತರ ಇರಲಾರದು.

ಹಾಡು ಬದಲಾಯಿಸೋಣವೇ ಅಂತಲೂ ಅನ್ನಿಸಿತು, ನೀನು ಆರಿಸಿದ್ದು ಎಂಬ ಒಂದೇ ಕಾರಣಕ್ಕೆ. ಆದರೆ ನಿನ್ನ ಮೇಲಿನ ಸಿಟ್ಟಿಗೆ ಒಳ್ಳೆಯ ಹಾಡನ್ನು ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ.

ಹದಿನಾಲ್ಕನೇ ತಾರೀಕು ನಾಲ್ಕು ಗಂಟೆಗೆ ಎಲ್ಲರೂ ಸೇರಿದೆವು, ಮೂವತ್ತು ಜನ, ದೊಡ್ಡ ಕೋಣೆ. ಸೂಪರ್‌ವೈಸರ್ ರಿಮೋಟ್ ಹಿಡಿದು ಮುಂದೆಯೇ ಕೂತಿದ್ದ. ನನ್ನ ಸರದಿ ಬಂತು. ಮೊದಲ ಚರಣ ನೆಟ್ಟಗೆ ಹೋಯಿತು. ಪಲ್ಲವಿಯಲ್ಲಿ ಆ ಮೇಲಿನ ಸ್ವರ ಸಿಕ್ಕಿತು. ಅದು ಸಿಕ್ಕಿದ ಖುಷಿಗೇ ಎರಡನೇ ಚರಣದಲ್ಲಿ ಒಂದು ಸಾಲು ಮುಂಚೆ ಹೊರಟುಬಿಟ್ಟೆ. ಎಲ್ಲ ತಾರುಮಾರು. ಪರದೆಯ ಸಾಲು ಒಂದು ಕಡೆ, ನಾನೊಂದು ಕಡೆ. ಯಾರೋ ಕಿಸಕ್ಕೆಂದರು. ಆಗ ಸೂಪರ್‌ವೈಸರ್ ರಿಮೋಟ್ ಎತ್ತಿ ಸದ್ದು ನಿಲ್ಲಿಸಿಬಿಟ್ಟ. "ಸಾಕು ಬಿಡಿ, ಪಾಪ" ಅಂದ.

ವಾದ್ಯ ನಿಂತಿತು, ನಾನು ನಿಲ್ಲಲಿಲ್ಲ ತಮ್ಮಾ. ನಿಲ್ಲಬೇಕು ಎಂದು ಹೊಳೆಯಲೇ ಇಲ್ಲ. ಆ ಕೋಣೆಯಲ್ಲಿ ನನ್ನ ಬರಿಯ ಧ್ವನಿ ಒಂದೇ, ಮೂವತ್ತು ಜನರ ಮುಂದೆ. ಒಲ್ಲೆ, ಇನ್ನೂ ಹೋಗಲೊಲ್ಲೆ ಎಂದು ಹಾಡುತ್ತಲೇ ಇದ್ದೆ. ಪಾಲಿಶ್ ಎದ್ದು ಹೋಗಿ ಅವನ ಕೈಯಿಂದ ರಿಮೋಟ್ ತೆಗೆದುಕೊಂಡಳು. "ಮುಗಿಯೋವರೆಗೂ ಕೂತ್ಕೊಳಿ ಸಾರ್" ಅಂದಳು. ವಾದ್ಯ ಮತ್ತೆ ಬರುವಷ್ಟರಲ್ಲಿ ನನ್ನ ವಿಭಾಗದ ಮೂವರೂ ಬೆಂಚು ತಟ್ಟಿ ತಾಳ ಕೊಡುತ್ತಿದ್ದರು. ಕಡೆಯವರೆಗೂ ಹಾಡಿದೆ.

ನೂರಕ್ಕೆ ಐವತ್ತೆರಡು. ಎಲ್ಲಕ್ಕಿಂತ ಕಡಿಮೆ. ನಾನು ಅಳಲಿಲ್ಲ, ನಕ್ಕೆ. "ಸರಿ, ತಟ್ಟೆ ಎಲ್ಲಿ?" ಎಂದು ಕೇಳಿದೆ. ಒಂದು ವಾರದಿಂದ ಕೆಸರು ತಟ್ಟೆ ತೊಳೆಯುತ್ತಿದ್ದೇನೆ. ಒಬ್ಬಳೇ ಮಾಡುತ್ತೇನೆ ಎಂದರೂ ಮೂವರೂ ಬಂದು ಕೈ ಹಾಕುತ್ತಾರೆ. ತೊಳೆಯುವಾಗ ನಾನು ಹಾಡುತ್ತೇನೆ, ಜೋರಾಗಿ. ಸೂಪರ್‌ವೈಸರ್ ಆ ಕಡೆ ಬರುವುದನ್ನು ಬಿಟ್ಟಿದ್ದಾನೆ. ಈಗ ನನ್ನನ್ನು ಯಾರೂ ಮ್ಯೂಟ್ ಎನ್ನುವುದಿಲ್ಲ. ಐವತ್ತೆರಡು ಎನ್ನುತ್ತಾರೆ.

ನಿನ್ನ ವಿಷಯ. ಕ್ಷಮಿಸಿದೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಮುಂದೆ ಎಂದಾದರೂ ಏಳಬಹುದು, ಏಳದೆಯೂ ಇರಬಹುದು. ಮರುಕವಂತೂ ಇಲ್ಲ, ಆ ಭಯ ಬಿಡು. ಆದರೆ ಐದು ತಿಂಗಳು ಬಾಯಿಮುಚ್ಚಿಕೊಂಡು ಶೀತ ಎಂದು ಸುಳ್ಳು ಹೇಳುತ್ತ ತಿರುಗುತ್ತಿದ್ದೀಯಲ್ಲ, ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ಹಾಗೆ ಬದುಕುವುದು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐದಾರು ಸ್ವರ ಉಳಿದಿದೆ ಎಂದೆ. ಈ ಹಾಡಿಗೆ ನಾಲ್ಕು ಸಾಕು.

ಏಪ್ರಿಲ್ ನಾಲ್ಕು, ಶನಿವಾರ, ನಾಲ್ಕು ಗಂಟೆಗೆ ಚಿಕ್ಕ ಕೋಣೆ ಹೇಳಿದ್ದೇನೆ, ಒಂದು ಗಂಟೆಗೆ. ನಾನಿರುತ್ತೇನೆ, ಬೇರೆ ಯಾರೂ ಇರುವುದಿಲ್ಲ. ಸಿಟ್ಟಿನಲ್ಲೇ ಇರುತ್ತೇನೆ. ಬಾ.

ಅಕ್ಕ

*

ಮಾರ್ಚ್ 29

ಅಕ್ಕಾ,

ಉತ್ತರ ಇಲ್ಲವೆಂದು ಬರೆದಿದ್ದೀಯ. ನಿಜ, ಇಲ್ಲ.

ಶುಕ್ರವಾರ ಹೆಡ್‌ಮೇಷ್ಟ್ರ ಕೋಣೆಗೆ ಹೋಗಿ, ಚೀಟಿ ಬರೆಯದೆ, ಈ ಗಂಟಲಿನಲ್ಲೇ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಕಿವಿಗೆ ಕೈ ಕೊಟ್ಟು ಕೇಳಿಸಿಕೊಂಡರು. "ಲೈಬ್ರರಿಗೆ ಹೋಗಿಬಿಡಿ ಮೇಷ್ಟ್ರೇ, ಅಲ್ಲಿ ಮಾತಾಡೋ ಹಾಗೇ ಇಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಲ್ಲೆ ಅಂದೆ. ಅವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಅಂದೆ.

ಆಮೇಲೆ ಏಳನೇ ತರಗತಿಗೆ ಹೋದೆ. ಹೊಸ ಹಾಡಿನ ಮೊದಲ ಸಾಲನ್ನು ಕೀಬೋರ್ಡ್ ಮುಟ್ಟದೆ ಬಾಯಲ್ಲೇ ಹೇಳಿಕೊಟ್ಟೆ. ಕೆಲವರು ನಕ್ಕರು. ಒಬ್ಬಳು ಕಿವಿ ಮುಚ್ಚಿಕೊಂಡಳು. ನಕ್ಕು ಮುಗಿಯಲಿ ಎಂದು ಕಾದೆ, ಎರಡನೇ ಸಾಲು ಹೇಳಿಕೊಟ್ಟೆ. ಮಕ್ಕಳು ಎಷ್ಟು ಬೇಗ ಬೇಸರಪಡುತ್ತಾರೆ ನೋಡು, ಮೂರನೇ ಸಾಲಿಗೆ ನಗುವುದನ್ನೂ ಬಿಟ್ಟು ಹಾಡಲು ಶುರುಮಾಡಿದರು. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ವರ್ಷದ ಕೊನೆಯವರೆಗೆ ನೋಡೋಣ ಎಂದಿದ್ದಾರೆ. ನೋಡಲಿ.

ಶನಿವಾರ ಬರುತ್ತೇನೆ. ಕೋಣೆಯನ್ನು ನಾಲ್ಕಕ್ಕಲ್ಲ, ಮೂರಕ್ಕೇ ಹೇಳು. ನನಗೆ ಒಂದು ಗಂಟೆ ಸಾಲದು.

ತಮ್ಮ